ಪ್ರವಾಸದ ಕೊನೆಯ ವಾಕ್ಯ

ಚನ್ನಪಟ್ಟಣ, ಗುರುವಾರ

ಅಕ್ಕ,

ಕೆಮ್ಮು ಇಳಿದಿದೆ, ಸಂಕಟ ಹೆಚ್ಚಿದೆ. ಒಡಿಶಾದಿಂದ ಹೆಣ್ಣು ತಂದ ಮನೆಗಳ ಸೊಸೆಯರಿಗೆ ಇಲ್ಲಿ ಕನ್ನಡ ಕಲಿಸುತ್ತಿದ್ದೇನಲ್ಲ, ಇವತ್ತು ಅವರಿಂದ ‘ನಾನು ಮಾಡಿದ ಪ್ರವಾಸ’ ಹೇಳಿಸಿದೆ. ನಾವು ಶಾಲೆಯಲ್ಲಿ ಬರೆಯುತ್ತಿದ್ದ ಹಾಗೆ ಕೊನೆಗೆ ‘ಸಂಜೆ ಮನೆಗೆ ಮರಳಿದೆವು’ ಎನ್ನಬೇಕೆಂದು ಕಲಿಸಿದ್ದೆ.

ಸುಕಾಂತಿ ಎಂಬ ಹುಡುಗಿ ಎದ್ದಳು. “ಮೈಸೂರ್ ಅರಮನೆ ತೋರುಸ್ತೀವಿ ಅಂತ ಕರ್ಕಂಬಂದ್ರು. ಬಿಡದೀಲಿ ತಟ್ಟೆ ಇಡ್ಲಿ ಕೊಡ್ಸುದ್ರು. ಇಲ್ಲಿ ತಾಳಿ ಕಟ್ಟುದ್ರು,” ಎಂದವಳು ಅಲ್ಲಿಗೇ ನಿಲ್ಲಿಸಿದಳು.

ಪಕ್ಕದಲ್ಲೇ ಕಾವಲು ಕೂತಿದ್ದ ಅತ್ತೆ ಬೈರಮ್ಮ ನಕ್ಕು, “ಸಂಜೆ ಮನೆಗೆ ಬಂದೊ ಅನ್ನವ್ವ. ಬಂದ್ಯಲ್ಲ ಮನೆಗೆ!” ಎಂದರು. ಉಳಿದ ಅತ್ತೆಯರು ಚಪ್ಪಾಳೆ ತಟ್ಟಿದರು.

ಸುಕಾಂತಿ ನನ್ನನ್ನೇ ನೋಡಿ, “ಟೀಚರ್, ನೀವು ಊರಿಗೆ ಯಾವಾಗ ಹೋಗ್ತೀರಿ?” ಎಂದಳು.

ಶನಿವಾರ ಸಂಜೆ ಮನೆಗೆ ಬರುತ್ತೇನೆ. ಅವಳಿಗೆ ಹೇಳಿಲ್ಲ.

ನಿನ್ನ ತಂಗಿ,
ಶೈಲಜಾ