ಗುಮಾಸ್ತರ ಮಗಳು

ಅಪ್ಪಾ,

ನಮಸ್ಕಾರ. ಬರುವ ಶನಿವಾರ ನಾವು ವಿದ್ಯಾರ್ಥಿಗಳೇ ಸೇರಿ ಚಳವಳಿಗಳ ಬಗ್ಗೆ ವಿಚಾರ ಸಂಕಿರಣ ನಡೆಸುತ್ತಿದ್ದೇವೆ. ಅತಿಥಿಗಳಿಗೆ ಆಹ್ವಾನ ಕೊಡುವ ಕೆಲಸ ನನ್ನದು.

ನೀವು ಗುಮಾಸ್ತರಾಗಿದ್ದ ಗಿರಣಿಯಲ್ಲಿ ಮುಷ್ಕರದ ಮುಂದಾಳಾಗಿದ್ದ ಒಬ್ಬರನ್ನು ನಾನೇ ಹುಡುಕಿದೆ. ಆ ಮುಷ್ಕರದ ಕಥೆ ಕೇಳಿಯೇ ಬೆಳೆದವಳಲ್ಲವೇ ನಾನು? ಅವರೀಗ ಒಂದು ಕೋಣೆಯ ಮನೆಯಲ್ಲಿ ಬಟ್ಟೆ ಹೊಲಿಯುತ್ತಾರೆ. ನನ್ನನ್ನು ನೋಡಿದವರೇ ಮಿಷನ್ ನಿಲ್ಲಿಸಿದರು.

"ಗುಮಾಸ್ತರ ಮಗಳಲ್ವಾ? ಥೇಟ್ ಅಪ್ಪನದೇ ಮುಖ."

ನಾನು ಹಿಗ್ಗಿ, "ಅಪ್ಪನೂ ನಿಮ್ಮ ಜೊತೆಗಿದ್ರಂತೆ," ಎಂದೆ.

"ಇದ್ರು. ಪ್ರತಿ ಸಭೆಗೂ ಬರ್ತಿದ್ರು. ಬಂದವರ ಹೆಸರನ್ನ ಮಾಲೀಕರಿಗೆ ಬರೆದುಕೊಟ್ಟವರೂ ಅವರೇ. ಹನ್ನೆರಡು ಜನರ ಕೆಲಸ ಹೋಯ್ತು."

ಅವರೇ ನನ್ನನ್ನು ಕೂರಿಸಿ ನೀರು ಕೊಟ್ಟರು. "ಅಯ್ಯೋ, ನಿಂಗೆ ಗೊತ್ತಿರಲಿಲ್ವಾ ಮಗಳೇ?" ಎಂದು ಬೆನ್ನು ಸವರಿದರು.

ಸಂಕಿರಣಕ್ಕೆ ಬಂದು ಮಾತಾಡಲು ಅವರು ಒಪ್ಪಿದ್ದಾರೆ. ವೇದಿಕೆಯಲ್ಲಿ ನಿಮ್ಮ ಹೆಸರು ಹೇಳುವುದಿಲ್ಲವಂತೆ, ನನ್ನ ಮುಖ ನೋಡಿ. ಹೇಳಿ ಎಂದು ನಾನೇ ಕೇಳಿಕೊಂಡೆ.

ಅವರು ಹೇಳಿದ್ದು ಸುಳ್ಳಾಗಿದ್ದರೆ ಶನಿವಾರದೊಳಗೆ ಫೋನ್ ಮಾಡಿ. ನಿಜವಾಗಿದ್ದರೆ ಶನಿವಾರ ಹತ್ತು ಗಂಟೆಗೆ ಸಂಕಿರಣಕ್ಕೆ ಬನ್ನಿ. ನಿಮ್ಮ ಪಕ್ಕದಲ್ಲಿ ನಾನು ಕೂರುತ್ತೇನೆ. ಅಮ್ಮನಿಗೆ ಮಾತ್ರ ನೀವೇ ಹೇಳಬೇಕು.

ಇಂತಿ,
ನಿಮ್ಮ ಮಗಳು