ನಾಲ್ಕು ತುಂಡಿನ ಶಬ್ದ

ಅಕ್ಟೋಬರ್ 6, ಸೋಮವಾರ, ಮಧ್ಯಾಹ್ನ 3

ನಮ್ಮ ಹೊಟೇಲಿನ ಸಾಂಬಾರಿಗೆ ಉಪ್ಪು ಕಡಿಮೆ. ಅಡುಗೆ ಭಟ್ಟರನ್ನು ಎಲ್ಲರೆದುರೇ ಬೈದೆ. ದಿಲ್ಲಿಯ ಈ ಸರೋಜಿನಿ ನಗರದ ಗಿರಾಕಿ ಒಮ್ಮೆ ಮುಖ ತಿರುಗಿಸಿದರೆ ಮತ್ತೆ ಬರುವುದಿಲ್ಲ. ಬೈಯುವಾಗ ನಾಲಿಗೆ ತೊಡರಿತು. ಭಟ್ಟರು ನಗಲಿಲ್ಲ... ನೋಡಿದರು.

ಅಕ್ಟೋಬರ್ 9

ಮೂರನೆಯ ಡಾಕ್ಟರ್. ಒಬ್ಬಳೇ ಹೋಗಿದ್ದೆ. ನರದ ಕಾಯಿಲೆ. ಮೊದಲು ಮಾತು ಹೋಗುತ್ತದೆ, ಆಮೇಲೆ ನುಂಗುವುದು. ಮದ್ದಿಲ್ಲ. ಶಬ್ದಗಳನ್ನು ತುಂಡು ತುಂಡಾಗಿ ತಟ್ಟಿಕೊಂಡು ಹೇಳುತ್ತಿರಿ, ಸ್ವಲ್ಪ ದಿನ ಎಳೆಯಬಹುದು ಎಂದ.

ಮಗ ಏಕನಾಥನಿಗೆ ತಿಳಿದರೆ ನಾಳೆಯೇ ಗಲ್ಲಾದಿಂದ ಎಬ್ಬಿಸಿ ಮಂಚಕ್ಕೆ ಸೇರಿಸುತ್ತಾನೆ. ಹೇಳುವುದಿಲ್ಲ.

ಅಕ್ಟೋಬರ್ 12, ಭಾನುವಾರ

ಮೊಮ್ಮಗಳು ಇಂಚರಾ ಶಾಲೆಯ ಫ್ರೆಂಚ್ ಬಾಯಿಪಾಠ ಮಾಡುತ್ತಿದ್ದಳು. ಕೆಲಸ ಮಾಡುವವರ ಹೆಸರುಗಳು. ಶಬ್ದದ ಕೊನೆಗೆ ಗಂಡಸಿಗೆ ಒಂದು ಬಾಲ, ಹೆಂಗಸಿಗೆ ಇನ್ನೊಂದು. ಬಡಿಸುವವನು ಸೆರ್-ವರ್, ಬಡಿಸುವವಳು ಸೆರ್-ವಜ್. ಮೇಜು ತಟ್ಟಿ ತಟ್ಟಿ ಶಬ್ದ ಒಡೆಯುತ್ತಾಳೆ. ಡಾಕ್ಟರ್ ಹೇಳಿದ್ದೂ ಅದೇ.

ನಾನೂ ಕಲಿಯುತ್ತೇನೆ ಎಂದೆ.

"ಅರೇ ವಾಹ್, ಅಜ್ಜಿ! ಪ್ಯಾರಿಸ್‌ನಲ್ಲಿ ಇಡ್ಲಿ ಮಾರ್ತೀರಾ?"

ಕನ್ನಡ ತಪ್ಪಿದರೆ ಮನೆಯವರಿಗೆಲ್ಲ ತಿಳಿಯುತ್ತದೆ. ಫ್ರೆಂಚ್ ತಪ್ಪಿದರೆ — ಮುದುಕಿ, ಪಾಪ.

ಅಕ್ಟೋಬರ್ 26

ಹೊಟೇಲ್ ನಡೆಸುವವಳಿಗೂ ಶಬ್ದವಿದೆ. ರೆಸ್-ತೊ-ರಾ-ತ್ರೀಸ್. ನಾಲ್ಕು ತುಂಡು. 'ತ್ರ' ಒಡೆಯಬಾರದು, ಒಟ್ಟಿಗೇ ಬರಬೇಕು. ಬಂತು! ಇಂಚರಾ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಳು. "ಫ್ರೆಂಚ್ ಮ್ಯಾಡಮ್‌ಗೆ ಕೇಳಿಸ್ತೀನಿ."

ಮೂವತ್ತೆಂಟು ವರ್ಷ ನಡೆಸಿದ್ದೇನೆ. ಇಲ್ಲಿಯವರೆಗೆ ಗಿರಾಕಿಗಳಿಗೆ ಬರೀ ಆಂಟಿಜಿ.

ಡಿಸೆಂಬರ್ 14

ಗಲ್ಲಾದಲ್ಲಿ ಏಕನಾಥ ಕೂರುತ್ತಾನೆ. ನನಗೆ ಹಲ್ಲುನೋವು ಎಂದು ನಂಬಿದ್ದಾನೆ.

ಇಂಚರಾ ಬಂದು ಬಾಗಿಲು ಮುಚ್ಚಿದಳು. ಫೋನ್ ಹಿಡಿದಳು. ಅಕ್ಟೋಬರಿನ ನನ್ನ ದನಿ, ಗಂಟೆಯ ಹಾಗೆ. ಆಮೇಲೆ ಮೊನ್ನೆಯದು. ಅದೇ ಶಬ್ದ. ಬಾಯಲ್ಲಿ ಅನ್ನ ತುಂಬಿಕೊಂಡವಳ ಹಾಗೆ.

"ಇದು ಹಲ್ಲುನೋವು ಅಲ್ಲ, ಅಜ್ಜಿ. ಕ್ಯಾ ಛುಪಾ ರಹೀ ಹೋ?"

ಮುಚ್ಚಿಟ್ಟಿದ್ದನ್ನು ಹೇಳಲು ಹೋದೆ. ಚೂರುಗಳು ಮಾತ್ರ ಬಂದವು. ಈ ಪುಸ್ತಕ ತೆಗೆದು ಅಕ್ಟೋಬರ್ 9ರ ಪುಟ ಮುಂದಿಟ್ಟೆ. ದಿಟ್ಟಿಸಿದಳು. ಓದಿಸಲು ಫೋನಿಗೂ ತೋರಿಸಿದಳು, ನನ್ನ ಕೈಬರಹ ಅದಕ್ಕೂ ಹತ್ತಲಿಲ್ಲ.

"ನಂಗೆ ಕನ್ನಡ ಓದೋಕೆ ಬರಲ್ಲ..."

ಏಕನಾಥನಿಗೂ ಬರುವುದಿಲ್ಲ. ದಿಲ್ಲಿಯಲ್ಲಿ ಅಕ್ಷರ ಯಾತಕ್ಕೆ, ಮಾತು ಬಂದರೆ ಸಾಕು ಎಂದವಳು ನಾನೇ. ನನ್ನ ಹಿಂದಿ ಬಾಯಿಯದು. ಕೈಗೆ ಬರುವುದು ಕನ್ನಡವೊಂದೇ. ಅದನ್ನು ಓದುತ್ತಿದ್ದ ನಮ್ಮ ಯಜಮಾನರು ಸತ್ತು ಆರು ವರ್ಷ.

ಜನವರಿ 4

ಹಲ್ಲುನೋವಲ್ಲ ಎಂದು ಇಂಚರಾ ಅಪ್ಪನಿಗೆ ಹೇಳಿದಳು. ಏಕನಾಥ ನನ್ನ ಔಷಧಿ ಚೀಟಿ ಹುಡುಕಿ ಡಾಕ್ಟರನ್ನು ಕಂಡು ಬಂದ. ಕಣ್ಣು ಕೆಂಪು. ಬೈಯುತ್ತಾನೆ ಎಂದುಕೊಂಡೆ, ಬೈಯಲಿಲ್ಲ. ಅದೇ ಕಷ್ಟ.

ದನಿ ಪೂರ್ತಿ ಹೋಗುವ ಮೊದಲು ಮನೆಯಲ್ಲಿ ಒಬ್ಬರಾದರೂ ನನ್ನ ಅಕ್ಷರ ಓದಬೇಕು. ಇಲ್ಲದಿದ್ದರೆ ಸಾಯುವ ಮೊದಲೇ ಸತ್ತ ಹಾಗೆ. ಯಾರನ್ನೂ ಏನನ್ನೂ ಬೇಡಿದವಳಲ್ಲ. ಇಂಚರಾಳ ಕೈಗೆ ಸ್ಲೇಟು ಕೊಟ್ಟು 'ಅ' ಬರೆದೆ.

"ಯೂಟ್ಯೂಬ್‌ನಲ್ಲಿ ಇರತ್ತೆ, ಅಜ್ಜಿ, ನೀವು ರೆಸ್ಟ್ ಮಾಡಿ."

ತಲೆಯಾಡಿಸಿದೆ. ನಮ್ಮ ಅಕ್ಷರ ನಾನೇ ಕಲಿಸುತ್ತೇನೆ.

ಜನವರಿ 11, ಬೆಳಿಗ್ಗೆ 10

ಸ್ವರಗಳು ಮುಗಿದವು. ಅವು ಬಾಯಿ ತೆರೆದರೆ ಹೇಗೋ ಬರುತ್ತವೆ. ಇಂದು 'ಕ'. ಬರೆದು ತೋರಿಸಿದೆ. ಅವಳದು ನನ್ನದಕ್ಕಿಂತ ದುಂಡಗೆ ಬಂತು.

"ಇದನ್ನ ಹೇಗೆ ಹೇಳೋದು, ಅಜ್ಜಿ?"

ತಟ್ಟಲೆಂದು ಮೇಜಿನ ಮೇಲೆ ಬೆರಳೆತ್ತಿ ಕಾದಳು. ಬಾಯಿ ತೆರೆದೆ. ನಾಲಿಗೆಯ ಬುಡ ಏಳಲಿಲ್ಲ. ಮತ್ತೊಮ್ಮೆ. ಬೆರಳು ಹಾಗೇ ಇದೆ, ಇನ್ನೂ ಇಳಿಸಿಲ್ಲ, ನಾನು ಇದನ್ನು ಬರೆಯುತ್ತಿರುವಾಗಲೂ ನನ್ನ ಬಾಯನ್ನೇ —