ಫೋಟೋದಲ್ಲಿ ಬಾರದ ಗಾಯ

ರಾವೂರ,
14-2-1986

ಪ್ರೀತಿಯ ಭಾಯಿ ಹಾಜಿಮಲಂಗನಿಗೆ,

ತಮ್ಮ ದಸ್ತಗೀರನ ಸಲಾಮು. ನಾವೆಲ್ಲ ಕ್ಷೇಮ. ಸುಲೇಪೇಟದಲ್ಲಿ ನೀನು, ಭಾಭಿ, ಮಕ್ಕಳು ಸುಖವಾಗಿದ್ದೀರೆಂದು ನಂಬಿದ್ದೇನೆ. ಪತ್ರ ತಡವಾಯಿತು, ಮಾಫ್ ಮಾಡು. ಅಬ್ಬಾನ ಮಣ್ಣಾದ ಮೇಲೆ ನೀನು ಮಾತು ಬಿಟ್ಟೆ, ನಾನು ಪೆನ್ನು ಬಿಟ್ಟೆ. ಇಬ್ಬರಿಗೂ ಬಂದದ್ದು ಅಬ್ಬಾನದೇ ಹಟ, ಯಾರನ್ನು ಬೈಯೋಣ?

ನನ್ನ ಮೊಣಕಾಲು ಸುಳ್ಳು ಹೇಳಿರಲಿಲ್ಲವೆಂದು ನಿನಗೆ ತಿಳಿಸಲಿಕ್ಕೇ ಇದನ್ನು ಬರೆಯುತ್ತಿದ್ದೇನೆ. ಗಣಿಯಲ್ಲಿ ಫರಸಿ ಕಲ್ಲು ಹೊತ್ತು ತಿರುಗುವಾಗ ಉಳುಕಿದ ಕಾಲು. ನಡೆದರೆ ಏನೂ ಇಲ್ಲ, ಬಗ್ಗಿದರೆ ಒಮ್ಮೊಮ್ಮೆ ಕೀಲಿ ಜಡಿದಂತೆ ನಿಂತುಬಿಡುತ್ತಿತ್ತು. ಚಿತ್ತಾಪುರದಲ್ಲಿ ತೆಗೆಸಿದ ಎಕ್ಸ್‌ರೇಯನ್ನು ಲಾಲ್ ಅಹ್ಮದ್ ಚಾಚಾ ಮಸೀದಿಯ ಕಿಟಕಿಗೆ ಹಿಡಿದರು. ಜಮಾತಿನವರೆಲ್ಲ ಕತ್ತು ಉದ್ದ ಮಾಡಿ ನೋಡಿ, ಎಲುಬು ಗಟ್ಟಿಯಿದೆ, ಹುಡುಗನ ಮನಸ್ಸೇ ಮೆತ್ತಗೆ ಎಂದು ತೀರ್ಪು ಕೊಟ್ಟರು. ಬಿರುಕು ನೋಡಿ ಕಲ್ಲು ಆರಿಸುವ ಜನ. ಬಿರುಕು ಕಾಣದಿದ್ದರೆ ಮಾಲು ಪಾಸು. ಅವರಿಗೇನನ್ನಲಿ.

ಅಬ್ಬಾನನ್ನು ಖಬರಿಗಿಳಿಸುವ ದಿನ ನೀನು ಕೆಳಗೆ ಗುಂಡಿಯಲ್ಲಿ ನಿಂತು ಕರೆದೆ. "ಇಳಿ ದಸ್ತಗೀರ, ಫೋಟೋದಾಗ ಕಾಲು ನೆಟ್ಟಗದ." ಆಗಲೇ ಕಾಲು ಹಿಡಿದುಕೊಂಡಿತ್ತು. ಮಗ ನಿಲ್ಲಬೇಕಾದ ಜಾಗದಲ್ಲಿ ಪಕ್ಕದ ಮನೆಯ ಮಶಾಕ ಇಳಿದ.

ಹೋದ ತಿಂಗಳು ಜೈತುನ್‌ಬೀ ನನ್ನನ್ನು ವಾಡಿಯಲ್ಲಿ ರೈಲು ಹತ್ತಿಸಿ ಹೈದರಾಬಾದಿಗೆ ಒಯ್ದಳು. ಇಂಥ ಹೆಂಡತಿ ಇದ್ದರೆ ಪೊಲೀಸರು ಯಾತಕ್ಕೆ? ಡಾಕ್ಟರು ನಮ್ಮ ಸೇಡಂ ಕಡೆಯವರೇ. ಎಕ್ಸ್‌ರೇಯಲ್ಲಿ ಎಲುಬು ಮಾತ್ರ ಕಾಣುತ್ತದೆ, ಎಲುಬುಗಳ ನಡುವಿನ ಗಾದಿ ಕಾಣುವುದಿಲ್ಲ ಎಂದರು. ಕೀಲಿನೊಳಗೆ ಔಷಧಿ ಬಿಟ್ಟು ಇನ್ನೊಂದು ಫೋಟೋ ತೆಗೆದಾಗ ಅವರಿಗೆ ಅನುಮಾನ ಬಂತು. ಮರುದಿನ ಸೊಂಟದ ಕೆಳಗೆ ಮರಗಟ್ಟಿಸಿ, ಕೀಲಿಗೆ ನೀರು ತುಂಬಿ, ಪೆನ್ಸಿಲಿನಷ್ಟು ದಪ್ಪದ ದೀಪದ ಕೊಳವೆಯನ್ನು ಒಳಗೆ ಬಿಟ್ಟರು. ನಾವು ಕಲ್ಲಿಗೆ ನೀರು ಹೊಡೆದು ಬಿರುಕು ಹುಡುಕುವುದಿಲ್ಲವೇ, ಹಾಗೆಯೇ. ಪಕ್ಕದ ಟಿವಿಯಲ್ಲಿ ನನ್ನ ಮೊಣಕಾಲಿನ ಒಳಗೆಲ್ಲ ಕಂಡಿತು. ಬಿಳಿ ಗಾದಿಯ ಅಂಚು ಹರಿದು, ಮಡಚಿ, ಎಲುಬುಗಳ ಸಂದಿಯಲ್ಲಿ ಸಿಕ್ಕಿಬಿದ್ದಿತ್ತು.

"ಇಷ್ಟು ಹರದದ, ಕಾಲು ಹೆಂಗ ಬಗ್ಗಬೇಕ್ರಿ?" ಎಂದರು ಡಾಕ್ಟರು. ನನಗೆ ಅಳು ಬಂತು. ನೋವಾಗುತ್ತಿದೆಯೇ ಎಂದು ಗಾಬರಿಯಾಗಿ ಕೇಳಿದರು. "ಇಲ್ರಿ, ಭಾಳ ಖುಷಿ ಆಗ್ಯಾದ" ಅಂದೆ. ತನ್ನ ಕಾಲು ಹರಿದದ್ದಕ್ಕೆ ಖುಷಿಪಟ್ಟ ರೋಗಿಯನ್ನು ಅವರು ಅಲ್ಲಿಯತನಕ ಕಂಡಿರಲಿಕ್ಕಿಲ್ಲ.

ಹರಿದ ಅಂಚನ್ನು ಕತ್ತರಿಸಿ ತೆಗೆದಿದ್ದಾರೆ. ಈಗ ಕೋಲಿಲ್ಲದೆ ನಡೆಯುತ್ತೇನೆ. ನಮಾಜಿನಲ್ಲಿ ಸಜ್ದಾಕ್ಕೆ ಬಗ್ಗಲು ಇನ್ನೂ ಸ್ವಲ್ಪ ದಿನ ಬೇಕಂತೆ. ನೀನೊಮ್ಮೆ ಬಂದು ಹೋಗು, ನಿನ್ನನ್ನು ನೋಡಬೇಕೆನಿಸಿದೆ.

ಭಾಭಿಗೆ ಸಲಾಮು, ಮಕ್ಕಳಿಗೆ ದುವಾ. ಅಲ್ಲಾಹನು ನಿನ್ನ ಕೈಕಾಲು ಗಟ್ಟಿಯಾಗಿಡಲಿ.

ನಿನ್ನ ತಮ್ಮ,
ಗುಲಾಮ ದಸ್ತಗೀರ

ತಾ.ಕ.: ನೀನು ನಂಬಲಿಲ್ಲವೆಂಬ ಸಿಟ್ಟು ನನಗಿಲ್ಲ. ಆ ಎಕ್ಸ್‌ರೇ ನೋಡಿದ ಮೇಲೆ ನಾನೂ ನನ್ನನ್ನು ನಂಬಿರಲಿಲ್ಲ, ಭಾಯಿ. ಕಾಲು ಬರೀ ನೆಪ, ಅಬ್ಬಾನನ್ನು ಮಣ್ಣಿಗಿಡಲು ಹೆದರಿದ ಮಗ ನಾನು ಎಂದುಕೊಂಡೇ ಇಷ್ಟು ದಿನ ಬದುಕಿದೆ. ಟಿವಿಯ ಮುಂದೆ ಅತ್ತದ್ದು ಅದಕ್ಕೇ. ಇದನ್ನು ಜೈತುನ್‌ಗೂ ಹೇಳಿಲ್ಲ.